ಹಳಿಯ ನಕ್ಷೆಯಲ್ಲಿ ಒಂದು ಮದ್ದಿನ ಮನೆ

ರೈಲಿನ ಮಾದರಿ ಕಟ್ಟುವ ಹವ್ಯಾಸ ಇರುವವರು ಮೊದಲು ಕೂರುವುದು ಕಾಗದದ ಮುಂದೆ. ಮುಖ್ಯ ಹಳಿ ಎಲ್ಲಿ, ಎದುರು ಬರುವ ಗಾಡಿಗೆ ದಾರಿ ಬಿಡುವ ಲೂಪ್ ಎಲ್ಲಿ, ವ್ಯಾಗನ್‌ಗಳು ನಿಲ್ಲುವ ಸೈಡಿಂಗ್ ಎಲ್ಲಿ ಎಂದು ಯಾರ್ಡಿನ ನಕ್ಷೆ ಬರೆಯಬೇಕು. ಬರೆಯಲು ತೊಡಗಿದ ಕೂಡಲೇ ಗೊತ್ತಾಗುವ ಸಂಗತಿ, ಹಳಿ ತುಂಬ ಜಾಗ ಬೇಡುತ್ತದೆ ಎಂಬುದು. ನಮ್ಮ ರೈಲ್ವೆಯಲ್ಲಿ ಸಾಮಾನ್ಯವಾಗಿ ಬಳಸುವ ಒಂದು ಬಗೆಯ ಪಾಯಿಂಟ್ ‘ಹನ್ನೆರಡಕ್ಕೆ ಒಂದು’. ಹನ್ನೆರಡು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಪಕ್ಕಕ್ಕೆ ಸರಿದಂತೆ. ಪಕ್ಕದ ಹಳಿ ಐದು ಮೀಟರ್ ದೂರವಿದ್ದರೆ ಅದನ್ನು ಸೇರುವಷ್ಟರಲ್ಲಿ ಅರವತ್ತು ಮೀಟರ್ ಕಳೆದಿರುತ್ತದೆ. 700 ಮೀಟರ್ ಉದ್ದದ ಸರಕು ಗಾಡಿ ನಿಲ್ಲುವ ಲೂಪನ್ನು 87ರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿದರೂ ಎಂಟು ಮೀಟರ್ ಮೇಜು ಬೇಕು. ಅಷ್ಟು ದೊಡ್ಡ ಕೋಣೆ ಎಷ್ಟು ಮನೆಗಳಲ್ಲಿದೆ? ಹೀಗಾಗಿ ಮಾದರಿ ಕಟ್ಟುವವರು ದೂರವನ್ನು ಕುಗ್ಗಿಸುತ್ತಾರೆ, ಬೇಡದ್ದನ್ನು ಬಿಡುತ್ತಾರೆ, ಅಡ್ಡ ಬಂದದ್ದನ್ನು ಎತ್ತಿ ಪಕ್ಕಕ್ಕಿಡುತ್ತಾರೆ.

ನಿಜವಾದ ನೆಲದ ಮೇಲೆ ಹಳಿ ಹಾಕುವ ಎಂಜಿನಿಯರಿಗೆ ಈ ಸ್ವಾತಂತ್ರ್ಯವಿಲ್ಲ. ಇದ್ದರೆ ಏನಾಗುತ್ತದೆ ಎಂಬುದಕ್ಕೆ ಶ್ರೀರಂಗಪಟ್ಟಣ ಒಳ್ಳೆಯ ಉದಾಹರಣೆ.

ಈ ಸೀಮೆಯ ಕೈಗಾರಿಕೆ ರೈಲಿಗಿಂತ ಹಳೆಯದು. ಪಟ್ಟಣದ ಪಶ್ಚಿಮಕ್ಕಿರುವ ಪಾಲಹಳ್ಳಿಯಲ್ಲಿ 1847ರಲ್ಲೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ರೈತರು ತಯಾರಿಸಿದ ಬೆಲ್ಲವನ್ನು ಅಲ್ಲಿ ಸಕ್ಕರೆ ಮಾಡುತ್ತಿದ್ದರು. ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು ಓಡಿದ್ದು ಅದಾದ ಆರು ವರ್ಷಕ್ಕೆ, 1853ರಲ್ಲಿ. ಪಾಲಹಳ್ಳಿಯ ಬೆಲ್ಲ, ಸಕ್ಕರೆ ಎಲ್ಲವೂ ಎತ್ತಿನ ಗಾಡಿಯನ್ನೇ ನಂಬಿದ್ದ ಕಾಲ ಅದು.

1876–78ರ ಭೀಕರ ಬರದ ಬೆನ್ನಿಗೆ ಮೈಸೂರು ಸಂಸ್ಥಾನ ಬೆಂಗಳೂರು–ಮೈಸೂರು ಹಳಿಯ ಕೆಲಸ ಕೈಗೆತ್ತಿಕೊಂಡಿತು. ಒಂದು ಮೀಟರ್ ಅಗಲದ ಈ ಹಳಿ 1881–82ರಲ್ಲಿ ಹಂತಹಂತವಾಗಿ ತೆರೆಯಿತು. ಅದು ಕಾವೇರಿಯ ಎರಡು ಕವಲುಗಳನ್ನೂ ದಾಟಬೇಕಿತ್ತು. ಎರಡು ಸೇತುವೆಗಳ ಜಾಗ ಗೊತ್ತಾದ ಮೇಲೆ ನಡುವಿನ ಹಳಿ ಎಲ್ಲಿ ಹೋಗಬೇಕೆಂಬುದೂ ಬಹುಮಟ್ಟಿಗೆ ಗೊತ್ತಾದಂತೆಯೇ. ಆ ಗೆರೆ ಬಿದ್ದದ್ದು ಕೋಟೆಯೊಳಗೆ. ಗೋಡೆ ಒಡೆದು ದಾರಿ ಮಾಡಿದರು, ನಿಲ್ದಾಣವನ್ನೂ ಕೋಟೆಯೊಳಗೇ ಕಟ್ಟಿದರು. 1799ರ ಮೇ ತಿಂಗಳಲ್ಲಿ ಇಂಗ್ಲಿಷರ ಫಿರಂಗಿ ಕೆಡವಿದ್ದು ಗೋಡೆಯ ಒಂದು ಕಡೆಯನ್ನು. ಎಂಬತ್ಮೂರು ವರ್ಷದ ಮೇಲೆ ರೈಲು ಯುದ್ಧವಿಲ್ಲದೆಯೇ ಒಳಗೆ ಬಂತು. ಆ ನಕ್ಷೆ ಬರೆದವರಿಗೆ ಕೋಟೆ ಸೋತವರ ಹಾಳುಗೋಡೆಯಷ್ಟೇ ಆಗಿತ್ತು. ಮಾದರಿಗಾರನ ಮೇಜಿನ ಹಾಗೆ ಅದನ್ನು ಖಾಲಿ ಜಾಗವೆಂದೇ ಎಣಿಸಿದರು.

ಆದರೆ ಅಲ್ಲಿ ಇನ್ನೊಂದು ನಕ್ಷೆ ಆಗಲೇ ಇತ್ತು. ಟಿಪ್ಪುವಿನ ಕಾಲದ ಹಲವು ಮದ್ದಿನ ಮನೆಗಳು ಕೋಟೆಯಲ್ಲಿ ಅಲ್ಲಲ್ಲಿ ಹಂಚಿಕೊಂಡಿವೆ. ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕಟ್ಟಡಗಳು, ಒಂದಷ್ಟು ಭಾಗ ನೆಲದೊಳಗೆ. ಮದ್ದನ್ನು ಒಂದೇ ಕಡೆ ಕೂಡಿಡದೆ ಹೀಗೆ ಹಂಚಿಟ್ಟರೆ ಒಂದಕ್ಕೆ ಕಿಡಿ ತಗುಲಿದರೂ ಉಳಿದವು ಉಳಿಯುತ್ತವೆ. ಯಾರ್ಡಿನ ಸೈಡಿಂಗಿಗೆ ಇರುವಂತೆ ಇಲ್ಲಿ ಪ್ರತಿ ಮನೆಯ ಜಾಗಕ್ಕೂ ಒಂದು ಕಾರಣವಿದೆ.

ಈ ಎರಡು ನಕ್ಷೆಗಳು ಮುಖಾಮುಖಿಯಾಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಮೀಟರ್ ಗೇಜ್ ಹೋಗಿ 1676 ಮಿಲಿಮೀಟರ್ ಅಗಲದ ಬ್ರಾಡ್ ಗೇಜ್ ಬಂದಾಗಲೂ ಒಂಟಿ ಹಳಿಯೇ ಇತ್ತು. ಜೋಡಿ ಹಳಿ ಹಾಕಲು ಹೊರಟಾಗ ತೊಡಕು ಎದ್ದಿತು. ಎರಡನೆಯ ಹಳಿ ಮೊದಲನೆಯದರ ಪಕ್ಕದಲ್ಲೇ ಸಾಗಬೇಕು, ಸೇತುವೆಯ ಪಕ್ಕದಲ್ಲಿ ಸೇತುವೆ, ನಿಲ್ದಾಣದಲ್ಲಿ ಜಾಗ. ಅದು ಹಾದುಹೋಗುವ ಕಡೆ ಸರಿಯಾಗಿ ನಿಲ್ದಾಣದ ಬಳಿಯ ಒಂದು ಮದ್ದಿನ ಮನೆ ನಿಂತಿತ್ತು. ಹಳಿಯನ್ನು ಸ್ವಲ್ಪ ಬಳಸಿ ಹಾಕಬಾರದೇ ಎಂದು ಕೇಳಬಹುದು. ಹನ್ನೆರಡಕ್ಕೆ ಒಂದರ ಲೆಕ್ಕ ನೆನಪಿದ್ದರೆ ಉತ್ತರವೂ ಹೊಳೆಯುತ್ತದೆ. ವೇಗದ ಗಾಡಿ ಓಡುವ ಮುಖ್ಯ ಹಳಿಗೆ ಅದಕ್ಕಿಂತಲೂ ಎಷ್ಟೋ ಮೆಲ್ಲನೆಯ ತಿರುವು ಬೇಕು, ಎರಡು ಸೇತುವೆಗಳ ನಡುವೆ ಅಷ್ಟು ಉದ್ದ ಎಲ್ಲಿದೆ? ಉಳಿದ ಕಡೆ ಕೆಲಸ ಸಾಗಿದರೂ ಇಲ್ಲಿನ ತುಣುಕು ವರ್ಷಗಟ್ಟಲೆ ನಿಂತಿತು.

1880ರ ದಶಕವಾಗಿದ್ದರೆ ಕಟ್ಟಡವನ್ನು ಒಡೆಯುತ್ತಿದ್ದರು. ಈಗ ಅದು ಸಂರಕ್ಷಿತ ಸ್ಮಾರಕ. ಕೊನೆಗೆ ಕಂಡ ದಾರಿ ಮಾದರಿಗಾರನದೇ: ಎತ್ತಿ ಪಕ್ಕಕ್ಕಿಡುವುದು. ಸುತ್ತಲೂ ಅಗೆದು, ಬುಡಕ್ಕೆ ಉಕ್ಕಿನ ತೊಲೆ ತೂರಿಸಿ, ಹೈಡ್ರಾಲಿಕ್ ಜಾಕ್‌ಗಳಿಂದ ಇಡೀ ಕಟ್ಟಡವನ್ನು ಮೇಲೆತ್ತಿ, 2017ರ ಮಾರ್ಚಿನಲ್ಲಿ ನೂರು ಮೀಟರಿನಷ್ಟು ದೂರ ಸರಿಸಿದರು. ತೂಕ ಸುಮಾರು ಸಾವಿರ ಟನ್. ರೈಲಿಗೆ ಜಾಗ ಬಿಡಲು ಮದ್ದಿನ ಮನೆಯೇ ಪ್ರಯಾಣ ಹೊರಟಿತು.

ಇದನ್ನು ಗೆಲುವೆಂದು ಕರೆಯಲು ಕಾರಣವಿದೆ. ಕೋಟೆಯನ್ನು ಖಾಲಿ ಜಾಗವೆಂದು ಎಣಿಸಿದ್ದ ರೈಲು, ಈ ಸಲ ಒಂದು ಇಟ್ಟಿಗೆ ಕಟ್ಟಡಕ್ಕಾಗಿ ಕಾದು ನಿಂತಿತು. ಕಳೆದುಕೊಂಡದ್ದೂ ಇದೆ. ಇಟ್ಟಿಗೆ ಉಳಿಯಿತು, ಗಾರೆ ಉಳಿಯಿತು, ಇದ್ದ ಜಾಗ ಉಳಿಯಲಿಲ್ಲ. ಮದ್ದಿನ ಮನೆಗಳನ್ನು ಹೀಗೇ ಏಕೆ ಹಂಚಿ ಕಟ್ಟಿದರು ಎಂದು ನಾಳೆ ಅಳೆಯಲು ಹೊರಡುವ ವಿದ್ಯಾರ್ಥಿಗೆ ಒಂದು ಬಿಂದು ಬೇರೆ ಕಡೆ ಸಿಗುತ್ತದೆ. ಆ ಕಟ್ಟಡದ ಎದುರು ಹಳೆಯ ಜಾಗವನ್ನು ತೋರುವ ಒಂದು ನಕ್ಷೆ ಇಡುವುದು ದೊಡ್ಡ ಖರ್ಚಿನ ಕೆಲಸವೇನಲ್ಲ.

ಮಾದರಿ ಕಟ್ಟುವವರಲ್ಲಿ ಒಂದು ಒಳ್ಳೆಯ ಪದ್ಧತಿಯಿದೆ. ಹಳಿ ಜೋಡಿಸುವ ಮುಂಚೆ ತಮ್ಮ ನಿಲ್ದಾಣ ಯಾವ ವರ್ಷದ್ದು ಎಂದು ತೀರ್ಮಾನಿಸುತ್ತಾರೆ. ಶ್ರೀರಂಗಪಟ್ಟಣವನ್ನು 1900ರದೆಂದು ಕಟ್ಟಿದರೆ ಮೀಟರ್ ಗೇಜಿನ ಒಂಟಿ ಹಳಿ, ಉಗಿ ಎಂಜಿನ್, ಹತ್ತಿರದಲ್ಲಿ ಮದ್ದಿನ ಮನೆ. 2018ರದಾದರೆ ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ, ಮದ್ದಿನ ಮನೆ ಇನ್ನೆಲ್ಲೋ. ಅದನ್ನು ಮೇಜಿನ ಮೇಲೆ ಎಲ್ಲಿ ಅಂಟಿಸಬೇಕು ಎಂದು ತಿಳಿಯಲು ವರ್ಷವನ್ನು ಕೇಳಲೇಬೇಕು.