ಒಂದೇ ದ್ರಾಕ್ಷಿ, ಎರಡು ಗುಡ್ಡ, ಎರಡು ರುಚಿ

ಇದು ಕುಡಿಯೋ ಕಥೆ ಅಲ್ಲ, ಮಣ್ಣಿನ ಕಥೆ. ಪೂರ್ತಿ ಓದಿ 👇

ಇಟಲಿಯ ವಾಯವ್ಯಕ್ಕೆ ಪಿಯೆಮೊಂಟೆ ಪ್ರಾಂತ್ಯ ಇದೆ. ಅಲ್ಲಿ ಲಾಂಗೆ ಅನ್ನೋ ಗುಡ್ಡಸಾಲು. ಬರೋಲೊ ಎಂಬ ಕೆಂಪು ವೈನ್ ಹುಟ್ಟೋದು ಅಲ್ಲಿನ 11 ಊರುಗಳಲ್ಲಿ ಮಾತ್ರ. ದ್ರಾಕ್ಷಿ ತಳಿ ಒಂದೇ: ನೆಬ್ಬಿಯೊಲೊ.

ಈ ತಳಿ ಬಲು ಹಟಮಾರಿ. ಬೇಗ ಚಿಗುರುತ್ತೆ, ಆದ್ರೆ ಹಣ್ಣಾಗೋದು ತುಂಬಾ ತಡ, ಹೆಚ್ಚಾಗಿ ಅಕ್ಟೋಬರ್‌ನಲ್ಲಿ. ತಣ್ಣನೆ ಗಾಳಿ ಭಾರ ಅಲ್ವಾ, ರಾತ್ರಿ ಇಳಿದು ಕಣಿವೆಯಲ್ಲಿ ನಿಲ್ಲುತ್ತೆ. ಅಲ್ಲಿ ನೆಟ್ಟರೆ ಎಳೆ ಚಿಗುರು ಹಿಮಕ್ಕೆ ಸುಟ್ಟುಹೋಗುತ್ತೆ. ಉತ್ತರದ ಇಳಿಜಾರಲ್ಲಿ ಬಿಸಿಲು ಸಾಲಲ್ಲ. ಹಾಗಾಗಿ ಬೇಕಾದದ್ದು ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು. ಅದನ್ನು ಗುರುತಿಸೋಕೆ ಅಲ್ಲಿನ ರೈತರ ಲೆಕ್ಕ ಸರಳ: ಚಳಿಗಾಲದ ಹಿಮ ಎಲ್ಲಿ ಮೊದಲು ಕರಗುತ್ತೋ ಅಲ್ಲಿ ನೆಬ್ಬಿಯೊಲೊ.

ಈಗ ಮಣ್ಣು ನೋಡಿ. ಈ ಗುಡ್ಡಗಳು ಒಂದು ಕಾಲಕ್ಕೆ ಸಮುದ್ರದ ತಳ. ಪಶ್ಚಿಮದ ಲಾ ಮೊರ್ರಾ ಕಡೆ ಸುಣ್ಣ ಬೆರೆತ ಜೇಡಿ. ಅಲ್ಲಿನ ವೈನ್ ಸಾಮಾನ್ಯವಾಗಿ ಮೆದು, ಘಮ ಜಾಸ್ತಿ. ಪೂರ್ವದ ಸೆರ್ರಲುಂಗಾ ಕಡೆ ನಡುನಡುವೆ ಮರಳುಗಲ್ಲಿನ ಪದರ. ಅಲ್ಲಿನದು ಒಗರು, ಗಟ್ಟಿ, ಹದಕ್ಕೆ ಬರೋಕೆ ವರ್ಷಗಟ್ಟಲೆ ಕಾಯಬೇಕು. ನಡುವೆ ಇರೋದು ಕೆಲವೇ ಕಿಲೋಮೀಟರ್!

ಆದರೆ ಗುಡ್ಡಕ್ಕೆ ಬೆಲೆ ಬಂದದ್ದು ಇತ್ತೀಚೆಗೆ. ಬಹುಕಾಲ ವೈನ್ ಕಂಪನಿಗಳು ಸಣ್ಣ ರೈತರಿಂದ ದ್ರಾಕ್ಷಿ ಕೊಂಡು, ಬೇರೆ ಬೇರೆ ಗುಡ್ಡದ್ದನ್ನು ಬೆರೆಸುತ್ತಿದ್ದವು. ಬಾಟಲಿ ಮೇಲೆ ಕಂಪನಿಯ ಹೆಸರು, ಗುಡ್ಡದ ಹೆಸರಿಲ್ಲ. ರೈತ ಬಡವನಾಗಿಯೇ ಉಳಿದ. ಆಲ್ಬಾದ ಲೇಖಕ ಬೆಪ್ಪೆ ಫೆನೊಲ್ಯೊ 1954ರಲ್ಲಿ ಬರೆದ ‘ಲಾ ಮಲೋರಾ’ ಈ ಬಡತನದ್ದೇ ಕಥೆ: ಮನೆಯ ಕಷ್ಟಕ್ಕೆ ಹುಡುಗನೊಬ್ಬನನ್ನು ಬೇರೆಯವರ ಹೊಲಕ್ಕೆ ಆಳಾಗಿ ಕಳಿಸುತ್ತಾರೆ. ಎರಡನೇ ಮಹಾಯುದ್ಧದ ನಂತರ ಯುವಕರು ಟ್ಯೂರಿನ್‌ನ ಕಾರು ಕಾರ್ಖಾನೆಗೆ, ಆಲ್ಬಾದ ಚಾಕೊಲೇಟ್ ಕಾರ್ಖಾನೆಗೆ ಹೊರಟರು.

1961ರ ಬೆಳೆಯಿಂದ ವಿಯೆಟ್ಟಿ, ಪ್ರುನೊಟ್ಟೊ ಕಂಪನಿಗಳು ಒಂದೇ ತೋಟದ ಬರೋಲೊ ಮಾಡಿ, ಆ ತೋಟದ ಹೆಸರನ್ನೇ ಬಾಟಲಿಗೆ ಹಾಕಿದವು. ಆಮೇಲೆ ರೆನಾಟೊ ರಾಟ್ಟಿ ಯಾವ ಇಳಿಜಾರು ಉತ್ತಮ ಅಂತ ನಕ್ಷೆ ಬರೆದರು. 2010ರಲ್ಲಿ ಅಧಿಕೃತ ನಿಯಮವೇ ಬಂತು: ಕಣಿವೆಯ ತಳ ಬೇಡ, ಉತ್ತರದ ಮುಖ ಬೇಡ, ಎತ್ತರ 170ರಿಂದ 540 ಮೀಟರ್ ಒಳಗಿರಬೇಕು. 2014ರಲ್ಲಿ ಯುನೆಸ್ಕೊ ಈ ತೋಟಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ಹಿಮ ಕರಗೋದು ನೋಡಿ ರೈತರು ಹೇಳುತ್ತಿದ್ದದ್ದನ್ನೇ ಕೊನೆಗೆ ನಿಯಮವೂ ಹೇಳಿತು. ಇವತ್ತು ಇಟಲಿಯ ಅತಿ ದುಬಾರಿ ಕೃಷಿಭೂಮಿಗಳಲ್ಲಿ ಈ ಇಳಿಜಾರುಗಳೂ ಸೇರಿವೆ. ಆದರೆ ಬಡತನ ತಾಳಲಾರದೆ ಮೊದಲೇ ಮಾರಿ ಹೋದವರಿಗೆ ಆ ಬೆಲೆ ಸಿಗಲಿಲ್ಲ.

ಗುಡ್ಡದ ಗುಣ ಗೊತ್ತಿದ್ದವರಿಗೇ ಅದರ ಲಾಭ ಯಾಕೆ ತಪ್ಪಿತು? ಕಾಮೆಂಟಲ್ಲಿ ಬರೀರಿ, ಮಾತಾಡೋಣ.

#ಮಣ್ಣಿನಚರಿತ್ರೆ #ಬರೋಲೊ