ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರಿಗೆ ಸಿವಿಲ್ ಅರ್ಜಿಗಳನ್ನು ವಹಿಸುವಿಕೆ
ಅಮೆರಿಕದ ಫೆಡರಲ್ ಜಿಲ್ಲಾ ನ್ಯಾಯಾಲಯಗಳಲ್ಲಿ ಸಿವಿಲ್ ದಾವೆಯ ನಡುವೆ ಸಲ್ಲಿಕೆಯಾಗಿ ಇತ್ಯರ್ಥವಾಗದೆ ಉಳಿದ ಅರ್ಜಿಗಳನ್ನು ಜಿಲ್ಲಾ ನ್ಯಾಯಾಧೀಶರು ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರಿಗೆ ಒಪ್ಪಿಸುವ ಕ್ರಮ. 1968ರ ಕಾಯಿದೆಯಿಂದ ರೂಪುಗೊಂಡ ಈ ಹುದ್ದೆಗೆ ಜಿಲ್ಲಾ ನ್ಯಾಯಾಧೀಶರೇ ನೇಮಕ ಮಾಡುತ್ತಾರೆ. ಪೂರ್ಣಕಾಲಿಕರ ಅಧಿಕಾರಾವಧಿ 8 ವರ್ಷ. ದಾಖಲೆಗಳನ್ನು ಹಾಜರುಪಡಿಸುವಂಥ ವಿಚಾರಣಾಪೂರ್ವ ವಿಷಯಗಳಲ್ಲಿ ಅವರೇ ಆದೇಶ ನೀಡಬಲ್ಲರು; ಅದು ಸ್ಪಷ್ಟವಾಗಿ ತಪ್ಪೆಂದೋ ಕಾನೂನಿಗೆ ವಿರುದ್ಧವೆಂದೋ ಕಂಡರೆ ಜಿಲ್ಲಾ ನ್ಯಾಯಾಧೀಶರು ಅದನ್ನು ಬದಲಿಸಬಹುದು. ದಾವೆಯನ್ನೇ ವಜಾಗೊಳಿಸಲು ಅಥವಾ ಪೂರ್ಣ ವಿಚಾರಣೆಯಿಲ್ಲದೆ ತೀರ್ಪು, ಅಂದರೆ ಸಂಕ್ಷಿಪ್ತ ತೀರ್ಪು, ನೀಡಲು ಕೋರುವ ಅರ್ಜಿಗಳಲ್ಲಿ ಸಾಮಾನ್ಯವಾಗಿ ಅವರು ಶಿಫಾರಸಿನ ವರದಿಯನ್ನಷ್ಟೇ ಸಲ್ಲಿಸುತ್ತಾರೆ. ಪಕ್ಷಗಾರರು 14 ದಿನಗಳೊಳಗೆ ಆಕ್ಷೇಪಿಸಿದ ಅಂಶಗಳನ್ನು ಜಿಲ್ಲಾ ನ್ಯಾಯಾಧೀಶರು ಹೊಸದಾಗಿ ಪರಿಶೀಲಿಸಲೇಬೇಕಾಗಿದ್ದು, ಇಡೀ ವ್ಯವಸ್ಥೆಯ ನ್ಯಾಯಬದ್ಧತೆ ನಿಂತಿರುವುದು ಮುಖ್ಯವಾಗಿ ಈ ಕಟ್ಟುಪಾಡಿನ ಮೇಲೆ. ಹೀಗೆ ವಹಿಸಲು ಪಕ್ಷಗಾರರ ಸಮ್ಮತಿ ಬೇಕಿಲ್ಲ. ಆದರೆ ಮ್ಯಾಜಿಸ್ಟ್ರೇಟ್ ನ್ಯಾಯಾಧೀಶರೇ ಪೂರ್ಣ ವಿಚಾರಣೆ ನಡೆಸಿ ಅಂತಿಮ ತೀರ್ಪು ನೀಡಬೇಕಾದರೆ ಎಲ್ಲ ಪಕ್ಷಗಾರರೂ ಒಪ್ಪಿರಬೇಕು.