ಕಲಿಯ ಸ್ವಭಾವ ಮತ್ತು ದತ್ತಸ್ವಾತಂತ್ರ್ಯ: ಎಡೆದೊರೆ ನಾಡಿನ ಹರಿದಾಸರಲ್ಲಿ ಕೇಡಿನ ಪ್ರಶ್ನೆ

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಎಡೆದೊರೆ ನಾಡು, ಎಂದರೆ ಇಂದಿನ ರಾಯಚೂರು ಸೀಮೆ, ಹದಿನೆಂಟನೆಯ ಶತಮಾನದಲ್ಲಿ ಹರಿದಾಸ ಸಾಹಿತ್ಯದ ಎರಡನೆಯ ದೊಡ್ಡ ಘಟ್ಟಕ್ಕೆ ನೆಲೆಯಾಯಿತು. ವಿಜಯದಾಸರು (1682–1755) ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯವರು. ಅವರ ಶಿಷ್ಯ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಗೋಪಾಲದಾಸರಿಂದ ಅನುಗ್ರಹ ಪಡೆದ ಜಗನ್ನಾಥದಾಸರು (1728–1809) ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. ಜಗನ್ನಾಥದಾಸರ 'ಹರಿಕಥಾಮೃತಸಾರ' ಮಧ್ವಾಚಾರ್ಯರ (1238–1317) ತತ್ತ್ವವಾದವನ್ನು ಭಾಮಿನೀ ಷಟ್ಪದಿಯ ಕನ್ನಡಕ್ಕೆ ಇಳಿಸಿದ ಗ್ರಂಥವಾಗಿದ್ದು, ರಾಯಚೂರು ನಗರದ ಭಜನಾ ಮಂಡಳಿಗಳಲ್ಲಿಯೂ ಮಾನ್ವಿಯ ಮನೆಗಳಲ್ಲಿಯೂ ಅದರ ಪಾರಾಯಣ ಇಂದಿಗೂ ನಡೆಯುತ್ತದೆ. ಅದನ್ನು ಭಕ್ತಿಗ್ರಂಥವೆಂದು ಓದುವವರು ಬಹಳ. ಕೇಡು ಎಲ್ಲಿಂದ ಬಂತು, ಕೇಡಿಗನು ನಿಜಕ್ಕೂ ಕೆಟ್ಟವನೇ, ಅವನು ಬೇರೆ ರೀತಿ ನಡೆಯಲು ಸಾಧ್ಯವಿತ್ತೇ ಎಂಬ ಪ್ರಶ್ನೆಗಳಿಗೆ ಕನ್ನಡದಲ್ಲಿ ಬಂದ ಅತ್ಯಂತ ನಿಷ್ಠುರವಾದ ಉತ್ತರಗಳಲ್ಲಿ ಒಂದು ಅದರಲ್ಲಿದೆ ಎಂಬುದನ್ನು ಗಮನಿಸಿದವರು ಕಡಿಮೆ.

ಸೈತಾನನ ಕಥೆಯನ್ನು ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳು ಒಂದು ಪತನದ ಕಥೆಯಾಗಿ ಹೇಳುತ್ತವೆ. ಆಗಸ್ಟೀನನ ಪ್ರಕಾರ ದೇವರು ಸೃಷ್ಟಿಸಿದ್ದೆಲ್ಲವೂ ಒಳ್ಳೆಯದೇ, ಕೇಡು ಎಂಬುದು ಒಳಿತಿನ ಕೊರತೆಯೇ ಹೊರತು ಸ್ವತಂತ್ರ ವಸ್ತುವಲ್ಲ. ಸೈತಾನನು ಒಳ್ಳೆಯ ದೇವದೂತನಾಗಿ ಸೃಷ್ಟಿಯಾಗಿ ತನ್ನ ಇಚ್ಛೆಯಿಂದ ಕೆಟ್ಟವನು. ಆದ್ದರಿಂದಲೇ, ಕೆಟ್ಟವನು ಮತ್ತೆ ಸರಿಯಾಗಬಹುದಲ್ಲವೇ ಎಂಬ ಶಂಕೆ ಆ ಪರಂಪರೆಯನ್ನು ಬಿಡದೆ ಕಾಡಿತು. ಎಲ್ಲ ಜೀವಗಳೂ ಕಡೆಗೆ ದೇವರಿಗೆ ಮರಳುತ್ತವೆ ಎಂದು ಕಲಿಸಿದ ಓರಿಜೆನ್ ಸೈತಾನನಿಗೂ ಬಾಗಿಲು ತೆರೆದಿಟ್ಟನೆಂಬ ಆಕ್ಷೇಪ ಹುಟ್ಟಿದ್ದು ಹೀಗೆ. ಸೂಫಿಗಳಲ್ಲಿ ಕೆಲವರು ಇನ್ನೂ ಮುಂದೆ ಹೋದರು. 922ರಲ್ಲಿ ಮರಣದಂಡನೆಗೆ ಗುರಿಯಾದ ಹಲ್ಲಾಜನಿಗೂ 1131ರಲ್ಲಿ ಅದೇ ಗತಿ ಕಂಡ ಐನುಲ್ ಕುಜಾತನಿಗೂ, ಆದಮನಿಗೆ ತಲೆಬಾಗಲು ಒಪ್ಪದ ಇಬ್ಲೀಸನು, ಎಂದರೆ ಸೈತಾನನು, ದೇವರನ್ನಲ್ಲದೆ ಬೇರೆಯವರಿಗೆ ಮಣಿಯದ ಪ್ರೇಮಿಯಾಗಿ ಕಂಡನು. ಐನುಲ್ ಕುಜಾತನ ಗ್ರಂಥಕ್ಕೆ ವ್ಯಾಖ್ಯಾನ ಬರೆದವರಲ್ಲಿ ಒಬ್ಬರು ಕಲಬುರಗಿಯ ಬಂದೇ ನವಾಜ್ (ನಿಧನ 1422) ಎಂಬುದನ್ನು ನೆನೆದರೆ, ಈ ವಿಚಾರ ರಾಯಚೂರು ಸೀಮೆಗೆ ಹೊರನಾಡಿನ ಸರಕಾಗಿರಲಿಲ್ಲ ಎಂಬುದು ತಿಳಿಯುತ್ತದೆ. ದಾಸರು ಅದನ್ನು ಓದಿದ್ದರೆಂದು ಇದರ ಅರ್ಥವಲ್ಲ. ಒಂದೇ ಪ್ರಶ್ನೆಗೆ ಅಕ್ಕಪಕ್ಕದ ಊರುಗಳಲ್ಲಿ ತೀರಾ ಬೇರೆ ಬೇರೆ ಉತ್ತರಗಳಿದ್ದವು ಎಂಬುದಷ್ಟೇ ಇಲ್ಲಿ ಮುಖ್ಯ.

ದಾಸರ ಉತ್ತರದಲ್ಲಿ ಪತನವೇ ಇಲ್ಲ. ತತ್ತ್ವವಾದದಲ್ಲಿ ಜೀವರು ಸೃಷ್ಟಿಯಾದವರಲ್ಲ, ಅನಾದಿ, ಅಂದರೆ ಮೊದಲೆಂಬುದೇ ಇಲ್ಲದವರು. ದೇವರು ಅವರಿಗೆ ದೇಹ, ಇಂದ್ರಿಯ, ಅವಕಾಶಗಳನ್ನು ಕೊಡುತ್ತಾನೆಯೇ ಹೊರತು ಅವರ ಸ್ವರೂಪವನ್ನು ಹೊಸದಾಗಿ ಮಾಡುವುದಿಲ್ಲ. ಈ ಸ್ವರೂಪದಲ್ಲಿಯೇ ಮೂರು ಬಗೆ: ಮೋಕ್ಷಕ್ಕೆ ಅರ್ಹರಾದ ಮುಕ್ತಿಯೋಗ್ಯರು, ಹುಟ್ಟುಸಾವುಗಳ ಸುಳಿಯಲ್ಲೇ ಸುತ್ತುವ ನಿತ್ಯಸಂಸಾರಿಗಳು, ಅಂಧಂತಮಸ್ಸು ಎಂಬ ಎಂದೂ ತೀರದ ಕತ್ತಲೆಗೆ ಸಲ್ಲುವ ತಮೋಯೋಗ್ಯರು. ಈ ಮೂರನೆಯ ವರ್ಗದ ತುತ್ತತುದಿಯಲ್ಲಿ ನಿಲ್ಲುವವನು ಕಲಿ. ಮಹಾಭಾರತದ ಆದಿಪರ್ವ ದುರ್ಯೋಧನನನ್ನು ಕಲಿಯ ಅಂಶವೆನ್ನುತ್ತದೆ. ಮಧ್ವಾಚಾರ್ಯರ 'ಮಹಾಭಾರತತಾತ್ಪರ್ಯನಿರ್ಣಯ' ಅವನನ್ನು ಕಲಿಯೆಂದೇ ನಿಶ್ಚಯಿಸುತ್ತದೆ. ದೇವತೆಗಳಲ್ಲಿ ಮೇಲು ಕೀಳುಗಳ ಕ್ರಮವಾದ ತಾರತಮ್ಯವಿರುವಂತೆ ದೈತ್ಯರಲ್ಲಿಯೂ ಇದೆ ಎಂದು ತೋರಿಸಲು ಜಗನ್ನಾಥದಾಸರು 'ದೈತ್ಯತಾರತಮ್ಯ ಸಂಧಿ'ಯನ್ನೇ ಬೇರೆಯಾಗಿ ರಚಿಸಿದರು. ಕೇಡಿಗೂ ಶ್ರೇಣಿಯಿದೆ, ಅದಕ್ಕೂ ಒಬ್ಬ ಅಗ್ರಗಣ್ಯನಿದ್ದಾನೆ. ಆದ್ದರಿಂದ ಕಲಿ ನಿಜಕ್ಕೂ ಕೆಟ್ಟವನೇ ಎಂಬ ಪ್ರಶ್ನೆಗೆ ಇಲ್ಲಿ ಹೌದೆಂಬುದೇ ಉತ್ತರ; ಅವನು ಒಂದಾನೊಂದು ಕಾಲದಲ್ಲಿ ಒಳ್ಳೆಯವನಾಗಿದ್ದು ಆಮೇಲೆ ಕೆಟ್ಟುಹೋದವನಲ್ಲ, ಮುಂದೆ ಒಳ್ಳೆಯವನಾಗುವವನೂ ಅಲ್ಲ.

ಹೀಗಿದ್ದರೆ ದೇವರು ಪಕ್ಷಪಾತಿಯಾಗುವುದಿಲ್ಲವೇ? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಈ ಆಕ್ಷೇಪವನ್ನು ಎತ್ತಿ, ದೇವರು ಜೀವರ ಕರ್ಮವನ್ನು ಅನುಸರಿಸಿ ಫಲ ಕೊಡುವುದರಿಂದ ಅವನಿಗೆ ವೈಷಮ್ಯವಾಗಲಿ ನಿರ್ದಯತೆಯಾಗಲಿ ಅಂಟದು ಎಂದು ಸಮಾಧಾನ ಹೇಳುತ್ತದೆ. ಅಲ್ಲಿ ಶಂಕರರು ಕೊಡುವ ಮಳೆಯ ದೃಷ್ಟಾಂತ ಎಡೆದೊರೆಯ ಒಕ್ಕಲಿಗನಿಗೆ ವಿವರಣೆಯಿಲ್ಲದೆ ಅರ್ಥವಾಗುವಂಥದು: ಸುರಿಯುವ ಮಳೆ ಒಂದೇ, ಆದರೆ ಎರೆಹೊಲದಲ್ಲಿ ಜೋಳ ಬಿತ್ತಿದವನಿಗೆ ಜೋಳ, ಹತ್ತಿ ಬಿತ್ತಿದವನಿಗೆ ಹತ್ತಿ. ಶಂಕರರಿಗೆ ಇಲ್ಲಿ ಬೀಜವೆಂದರೆ ಕರ್ಮ, ಅದು ಸವೆಯತಕ್ಕದ್ದು. ಮಧ್ವರು ಪ್ರಶ್ನೆಯನ್ನು ಇನ್ನೊಂದು ಹೆಜ್ಜೆ ಹಿಂದಕ್ಕೆ ಒಯ್ದು, ಅನಾದಿಯಿಂದಲೂ ಕರ್ಮಗಳು ಭಿನ್ನವಾಗಿದ್ದರೆ ಆ ಭೇದಕ್ಕೂ ಒಂದು ಆಧಾರ ಬೇಕು, ಅದೇ ಜೀವನ ಯೋಗ್ಯತೆ ಎಂದರು. ಪ್ರಯತ್ನಕ್ಕೆ ಹಿಂದಿನ ಕರ್ಮ ಕಾರಣ, ಕರ್ಮಕ್ಕೆ ಯೋಗ್ಯತೆ ಕಾರಣ, ಯೋಗ್ಯತೆಗೆ ಕಾರಣವಿಲ್ಲ. ಛಾಂದೋಗ್ಯದಲ್ಲಿ ಇಂದ್ರನೂ ವಿರೋಚನನೂ ಪ್ರಜಾಪತಿಯ ಬಳಿ ಮೂವತ್ತೆರಡು ವರ್ಷ ಜೊತೆಗಿದ್ದು ಒಂದೇ ಮಾತು ಕೇಳಿದರು. ವಿರೋಚನನು ದೇಹವೇ ಆತ್ಮವೆಂದು ತಿಳಿದು ತೃಪ್ತನಾಗಿ ಹೊರಟುಹೋದನು, ಇಂದ್ರನು ಅರ್ಧ ದಾರಿಯಲ್ಲಿ ಸಂಶಯ ಬಂದು ಹಿಂದಿರುಗಿದನು. ಗುರುವಿನಲ್ಲಿ ಭೇದವಿಲ್ಲ, ಉಪದೇಶದಲ್ಲಿ ಭೇದವಿಲ್ಲ, ಉಳಿಯುವುದು ಕೇಳಿದವನೇ.

ಈ ಸಿದ್ಧಾಂತವನ್ನು ಕಂಡು ಗ್ರಿಯರ್ಸನ್ ಮೊದಲಾದ ಪಾಶ್ಚಾತ್ಯ ವಿದ್ವಾಂಸರು ಇದರಲ್ಲಿ ಕ್ರೈಸ್ತ ಪ್ರಭಾವವನ್ನು ಊಹಿಸಿದರು. ಬಿ.ಎನ್.ಕೆ. ಶರ್ಮರು ಆ ಊಹೆಯನ್ನು ತಿರಸ್ಕರಿಸಿದ್ದು ಸರಿಯಾಗಿಯೇ ಇದೆ, ಏಕೆಂದರೆ ಹೋಲಿಕೆ ಮೇಲುಮೇಲಿನದು. ಕ್ಯಾಲ್ವಿನನಲ್ಲಿ ನರಕಕ್ಕೆ ಯಾರೆಂಬುದು ದೇವರ ತೀರ್ಮಾನ; ಮಧ್ವರಲ್ಲಿ ಅದು ದೇವರ ತೀರ್ಮಾನವೇ ಅಲ್ಲ, ಜೀವದ ಸ್ವರೂಪ. ಶೂನ್ಯದಿಂದ ಸೃಷ್ಟಿಸಿದ ದೇವರು ಸೈತಾನನಿಗೆ ಉತ್ತರ ಹೇಳಬೇಕಾಗುತ್ತದೆ. ಅನಾದಿ ಜೀವರನ್ನು ಒಪ್ಪಿದ ದೇವರಿಗೆ ಆ ಹೊಣೆಯಿಲ್ಲ. ಆದರೆ ಹೊಣೆ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ: ತನ್ನ ಸ್ವರೂಪವನ್ನು ತಾನು ಆರಿಸಿಕೊಳ್ಳದ ಕಲಿಯನ್ನು ತಪ್ಪಿತಸ್ಥನೆನ್ನುವುದು ಹೇಗೆ?

ಜಗನ್ನಾಥದಾಸರ 'ದತ್ತಸ್ವಾತಂತ್ರ್ಯ ಸಂಧಿ' ಮುಖ್ಯವಾಗುವುದು ಇಲ್ಲಿ. ದತ್ತಸ್ವಾತಂತ್ರ್ಯವೆಂದರೆ ಕೊಡಲ್ಪಟ್ಟ ಸ್ವಾತಂತ್ರ್ಯ. ಸ್ವತಂತ್ರನೆಂದರೆ ಹರಿಯೊಬ್ಬನೇ, ಮಿಕ್ಕವರೆಲ್ಲ ಪರತಂತ್ರರು ಎಂಬುದು ತತ್ತ್ವವಾದದ ಮೊದಲ ಪಾಠ. ಆದರೂ ಮಾಡು, ಮಾಡಬೇಡ ಎಂಬ ಶಾಸ್ತ್ರದ ಮಾತಿಗೆ ಅರ್ಥವಿರಬೇಕಾದರೆ ಜೀವನು ಕರ್ತನೂ ಆಗಿರಬೇಕು. ಈ ಎರಡನ್ನೂ ಹೊಂದಿಸಲು ದಾಸರು ಹರಿಯು ತನ್ನ ಅಪಾರ ಸ್ವಾತಂತ್ರ್ಯಗುಣದಿಂದ ನಾನೂರು ಪಾಲು ತೆಗೆದು ಹಂಚಿದನೆಂದು ಹೇಳಿ, ಲಕ್ಷ್ಮಿಗೆ ಇಷ್ಟು, ಬ್ರಹ್ಮನಿಗೆ ಇಷ್ಟು, ವಾಯುವಿಗೆ ಇಷ್ಟು ಎಂದು ಕಾಲು ಮುಕ್ಕಾಲುಗಳ ಲೆಕ್ಕವನ್ನೂ ಬಿಡದೆ ಶಾನುಭೋಗರ ಕಡತದಂತೆ ವಿವರಿಸುತ್ತಾರೆ. ತತ್ತ್ವಶಾಸ್ತ್ರದ ಇಷ್ಟು ಜಟಿಲವಾದ ಸಮಸ್ಯೆಯನ್ನು ಪಾಲುಪಟ್ಟಿಯ ರೂಪದಲ್ಲಿ ಬಿಡಿಸಿದ ಇನ್ನೊಬ್ಬ ಕನ್ನಡ ಕವಿಯಿರುವುದು ಸಂಶಯ. ಆ ಪಟ್ಟಿಯಲ್ಲಿ ಕಲಿ ಮೊದಲಾದ ದೈತ್ಯರಿಗೂ ಒಂದು ಪಾಲಿದೆ. ಹಾಗಾಗಿ ಕಲಿ ಬರಿಯ ಸೂತ್ರದ ಗೊಂಬೆಯಲ್ಲ. ಅವನು ಮಾಡುವ ಕೇಡು ಅವನ ಸ್ವಂತ ಇಚ್ಛೆಯಿಂದಲೇ ಹೊರಡುತ್ತದೆ, ಆ ಇಚ್ಛೆ ಕೆಲಸ ಮಾಡುವ ಶಕ್ತಿ ಮಾತ್ರ ಹರಿಯ ಕೊಡುಗೆ. ಬೇರೆ ರೀತಿ ನಡೆಯಬಹುದಾದ ಸಾಮರ್ಥ್ಯಕ್ಕಿಂತ, ತನ್ನ ಸ್ವಭಾವಕ್ಕೆ ತಕ್ಕಂತೆ ಅಡ್ಡಿಯಿಲ್ಲದೆ ನಡೆಯುವುದನ್ನೇ ಇಲ್ಲಿ ಸ್ವಾತಂತ್ರ್ಯವೆಂದು ಎಣಿಸಿದಂತೆ ಕಾಣುತ್ತದೆ.

ಈ ವಾದಕ್ಕೆ ಎದುರಾದ ಅತಿ ಪ್ರಬಲವಾದ ಮಾತನ್ನು ಪರಂಪರೆಯೇ ದುರ್ಯೋಧನನ ಬಾಯಲ್ಲಿಟ್ಟಿದೆ. ಪಾಂಡವಗೀತೆಯೆಂದು ಹೆಸರಾದ ಸ್ತೋತ್ರಸಂಗ್ರಹದಲ್ಲಿ ಅವನು, ಧರ್ಮ ಯಾವುದೆಂದು ತನಗೆ ಗೊತ್ತಿದ್ದರೂ ಅದರಲ್ಲಿ ಪ್ರವೃತ್ತಿಯಿಲ್ಲ, ಅಧರ್ಮವೂ ಗೊತ್ತಿದ್ದು ಅದರಿಂದ ನಿವೃತ್ತಿಯಿಲ್ಲ, ಹೃದಯದಲ್ಲಿರುವ ಯಾವನೋ ದೇವನು ನಡೆಸಿದಂತೆ ನಡೆಯುತ್ತೇನೆ ಎಂದು ಹೇಳಿಕೊಳ್ಳುತ್ತಾನೆ. ದುರ್ಯೋಧನನು ಕಲಿಯೇ ಆಗಿದ್ದರೆ, ಇದು ಕೇಡಿನ ಅಧಿಪತಿ ಸ್ವತಃ ಮಂಡಿಸಿದ ವಕಾಲತ್ತು. ಸೋಜಿಗವೆಂದರೆ, ಒಳಗೆ ನಿಂತು ಮಾಡಿಸುವವನು ನೀನೇ ಎಂಬ ಇದೇ ಮಾತು ಹರಿದಾಸರ ಪದಗಳಲ್ಲಿಯೂ ಹೆಜ್ಜೆಹೆಜ್ಜೆಗೆ ಬರುತ್ತದೆ. ನಿಂದಾಸ್ತುತಿಗಳಲ್ಲಂತೂ ದೇವರ ಮೇಲೆ ನೇರ ದೂರೇ ಇರುತ್ತದೆ. ವಾಕ್ಯ ಒಂದೇ, ಆಡುವವರು ಬೇರೆ. ದಾಸನು ಅದನ್ನು ಹರಿಯ ಎದುರಿಗೆ ನಿಂತು ಹೇಳಿ ತಪ್ಪಿಗೆ ಕ್ಷಮೆ ಬೇಡುತ್ತಾನೆ, ಒಳ್ಳೆಯದಾದರೆ ತನ್ನದೆನ್ನುವುದಿಲ್ಲ. ದುರ್ಯೋಧನನು ರಾಜ್ಯವನ್ನು ತನ್ನದೆನ್ನುತ್ತಾನೆ, ಪಾಪವನ್ನು ಮಾತ್ರ ದೇವರ ಲೆಕ್ಕಕ್ಕೆ ಬರೆಯುತ್ತಾನೆ. ಕರ್ತೃತ್ವವನ್ನು ಆಯ್ದು ಒಪ್ಪಿಕೊಳ್ಳುವ ಈ ನಡೆಯೇ ಕಲಿಯ ಗುರುತು ಎಂದು ಓದಿದರೆ ದತ್ತಸ್ವಾತಂತ್ರ್ಯದ ತರ್ಕ ಗಟ್ಟಿಯಾಗುತ್ತದೆ: ಕೊಟ್ಟದ್ದನ್ನು ಕೊಟ್ಟದ್ದೆಂದು ಒಪ್ಪದಿರುವುದೇ ಇಲ್ಲಿ ಅಪರಾಧ.

ಕಲಿ ಇಷ್ಟು ಖಚಿತವಾಗಿ ಕೆಟ್ಟವನಾದ ಮೇಲೆ ಮನುಷ್ಯರಲ್ಲಿ ಕೆಟ್ಟವರು ಯಾರೆಂದು ಹೇಳುವುದು ಸುಲಭವಾಗಬೇಕಿತ್ತು. ಆದರೆ ಇದೇ ಪರಂಪರೆಯ ಕಥೆಗಳು ಅದನ್ನು ಅಸಾಧ್ಯವಾಗಿಸುತ್ತವೆ. ಛಾಂದೋಗ್ಯ ಮತ್ತು ಬೃಹದಾರಣ್ಯಕಗಳಲ್ಲಿ ಅಸುರರು ಮಾತು, ಕಣ್ಣು, ಕಿವಿ, ಮನಸ್ಸುಗಳೆಲ್ಲವನ್ನೂ ಪಾಪದಿಂದ ಚುಚ್ಚುತ್ತಾರೆ, ಮುಖ್ಯಪ್ರಾಣನನ್ನು, ಎಂದರೆ ವಾಯುವನ್ನು, ತಾಕಲು ಹೋಗಿ ಮಾತ್ರ ನುಚ್ಚುನೂರಾಗುತ್ತಾರೆ. ರಾಯಚೂರಿನ ಸಮೀಪದ ಗಾಣಧಾಳದ ಪಂಚಮುಖಿ ಪ್ರಾಣದೇವರಿಗೆ ನಡೆದುಕೊಳ್ಳುವವರ ಭಕ್ತಿಗೆ ಇದೇ ತಾತ್ತ್ವಿಕ ತಳಹದಿ: ವಾಯುವೊಬ್ಬನನ್ನು ಬಿಟ್ಟರೆ ಮಿಕ್ಕವರಲ್ಲಿ ಅಸುರಾವೇಶಕ್ಕೆ ಎಡೆಯುಂಟು. ಒಳ್ಳೆಯವನು ತಪ್ಪು ಮಾಡುವುದು ಆವೇಶದಿಂದ, ಕೆಟ್ಟವನ ಮೈಯಲ್ಲಿ ಒಳ್ಳೆಯ ಜೀವವೂ ಇರಬಹುದು. ಮಧ್ವರು ಪೂತನಿಯ ದೇಹದಲ್ಲಿ ತಾಟಕಿಯೂ ಶಾಪಗ್ರಸ್ತಳಾದ ಊರ್ವಶಿಯೂ ಒಟ್ಟಿಗೆ ಇದ್ದರೆಂದು ನಿರ್ಣಯಿಸಿ, ಒಬ್ಬಳನ್ನು ನರಕಕ್ಕೂ ಇನ್ನೊಬ್ಬಳನ್ನು ಸ್ವರ್ಗಕ್ಕೂ ಕಳಿಸುತ್ತಾರೆ. ದ್ವೇಷದಿಂದಲೂ ಮೋಕ್ಷ ಸಿಗುತ್ತದೆ ಎಂಬ ಜನಪ್ರಿಯ ಭಾವನೆಗೆ ಇದು ಅವರ ಉತ್ತರ. ಸ್ವತಃ ಜಗನ್ನಾಥದಾಸರನ್ನು ಸಂಪ್ರದಾಯ ಸಹ್ಲಾದನ ಅಂಶವೆಂದು ಗೌರವಿಸುತ್ತದೆ. ಸಹ್ಲಾದನೆಂದರೆ ಪ್ರಹ್ಲಾದನ ತಮ್ಮ, ಹಿರಣ್ಯಕಶಿಪುವಿನ ಮಗ. ದೈತ್ಯರ ತಾರತಮ್ಯವನ್ನು ಬರೆದ ಕವಿಯೇ ದೈತ್ಯನ ಮನೆಯ ಮಗ! ಕುಲದಿಂದ ಸ್ವಭಾವವನ್ನು ತಿಳಿಯಲಾಗದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಈ ಎಚ್ಚರವನ್ನು ಪರಂಪರೆ ಎಲ್ಲ ಕಾಲಕ್ಕೂ ಪಾಲಿಸಲಿಲ್ಲ ಎಂಬುದನ್ನೂ ಹೇಳಬೇಕು. ನಾರಾಯಣ ಪಂಡಿತಾಚಾರ್ಯರ 'ಮಣಿಮಂಜರಿ' ಶಂಕರರನ್ನು ಮಣಿಮಂತನೆಂಬ ದೈತ್ಯನ ಅವತಾರವೆಂದು ಚಿತ್ರಿಸಿತು. ವಾದದಲ್ಲಿ ಎದುರು ನಿಂತವನನ್ನು ತಮೋಯೋಗ್ಯನೆಂದು ಕರೆಯುವುದು ಸಿದ್ಧಾಂತದ ಬಲವಲ್ಲ, ಅದರ ದುರುಪಯೋಗ. ಸ್ವರೂಪವು ಹರಿಗಲ್ಲದೆ ಇತರರಿಗೆ ಪೂರ್ತಿಯಾಗಿ ತಿಳಿಯದು ಎಂಬ ಮಾತಿಗೆ ಅದು ನೇರ ವಿರೋಧ. ಇದಕ್ಕೆ ಹೋಲಿಸಿದರೆ ಎಡೆದೊರೆಯ ದಾಸರ ಬಗೆಗಿನ ಐತಿಹ್ಯ ಮೃದುವಾದುದು. ಪಂಡಿತ ಶ್ರೀನಿವಾಸಾಚಾರ್ಯರಾಗಿದ್ದ ಕಾಲದಲ್ಲಿ ಜಗನ್ನಾಥದಾಸರು ಕನ್ನಡದಲ್ಲಿ ಹಾಡುವ ವಿಜಯದಾಸರನ್ನು ಕಡೆಗಣಿಸಿ, ಹೊಟ್ಟೆನೋವಿನಿಂದ ನರಳಿ, ವಿಜಯದಾಸರ ಮಾತಿನಂತೆ ಗೋಪಾಲದಾಸರ ಬಳಿಗೆ ಹೋದಾಗ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನು ಅವರಿಗೆ ಧಾರೆಯೆರೆದರೆಂಬ ಕಥೆಯಿದೆ. ಎಲ್ಲವೂ ಅನಾದಿಯಿಂದ ಗೊತ್ತಾಗಿದೆ ಎನ್ನುವ ಮತದ ನಡುವೆ, ಕರ್ಮದ ಕಟ್ಟೆಂದು ಎಣಿಸುವ ಆಯುಷ್ಯವನ್ನೇ ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಈ ಕಥೆ ಸಿದ್ಧಾಂತಕ್ಕೆ ಸ್ವಲ್ಪ ಮುಜುಗರದ್ದೇ. ಆದರೂ ದತ್ತಸ್ವಾತಂತ್ರ್ಯವನ್ನು ಬರೆದ ಕವಿಯ ಚರಿತ್ರೆಯಲ್ಲಿ ಅದು ಸೇರಿಕೊಂಡಿರುವುದು ಆಕಸ್ಮಿಕವೆಂದು ತೋರದು.

ಕಲಿಗೆ ಮಾತ್ರ ಇಂಥ ದಾನವಿಲ್ಲ. ಜೀವನನ್ನು ಅನಾದಿಯಿಂದ ಸುತ್ತಿಕೊಂಡ ಸೂಕ್ಷ್ಮ ಆವರಣಕ್ಕೆ ಲಿಂಗಶರೀರವೆಂದು ಹೆಸರು. ಮುಕ್ತಿಯೋಗ್ಯರಿಗೆ ಅದು ವಿರಜಾ ನದಿಯ ಸ್ನಾನದಲ್ಲಿ ಕಳಚುತ್ತದೆ, ತಮೋಯೋಗ್ಯರಿಗೆ ವಾಯುವಿನ ಗದಾಪ್ರಹಾರದಿಂದ ಒಡೆಯುತ್ತದೆ. ಕುರುಕ್ಷೇತ್ರದಲ್ಲಿ ವಾಯುವಿನ ಅವತಾರವಾದ ಭೀಮನ ಗದೆ ದುರ್ಯೋಧನನ ತೊಡೆ ಮುರಿದುದನ್ನು ಮಾಧ್ವರು ಈ ಕೊನೆಯ ಪೆಟ್ಟಿನ ಮುನ್ಸೂಚನೆಯಾಗಿ ಓದಬಲ್ಲರು. ಆವರಣ ಹೋದ ಮೇಲೆ ಎರಡೂ ಕಡೆ ನಡೆಯುವುದು ಒಂದೇ ಕ್ರಿಯೆ, ಸ್ವರೂಪದ ಆವಿರ್ಭಾವ: ಭಕ್ತನು ತನ್ನ ಆನಂದವಾಗುತ್ತಾನೆ, ಕಲಿ ತನ್ನ ದುಃಖವಾಗುತ್ತಾನೆ. ಹಾಗಾದರೆ ಅಂಧಂತಮಸ್ಸು ಹೊರಗಿನಿಂದ ವಿಧಿಸಿದ ಶಿಕ್ಷೆಯಾಗದೆ, ಬೇರೆಯವರ ಪುಣ್ಯವನ್ನೂ ಮರೆಯನ್ನೂ ಕಳೆದುಕೊಂಡು ಕಲಿ ತಾನು ಮಾತ್ರವಾಗಿ ಉಳಿಯುವ ಸ್ಥಿತಿಯಾಗುತ್ತದೆ. ಅಂಥ ಸ್ಥಿತಿಯಲ್ಲಿ ಹರಿಯು ಅವನೊಳಗೆ ನಿಯಾಮಕನಾಗಿ ಇದ್ದೇ ಇರುತ್ತಾನೆಂದು ಸರ್ವವ್ಯಾಪ್ತಿಯ ಸಿದ್ಧಾಂತ ಒಪ್ಪಲೇಬೇಕು, ಒಪ್ಪುತ್ತದೆ ಕೂಡ. ಕಲಿಗೆ ಅದು ಎಂದಿಗೂ ತಿಳಿಯುವುದಿಲ್ಲ ಎಂಬುದೇ ಅವನ ಕೇಡಿಗೆ ತತ್ತ್ವವಾದ ಕೊಡುವ ಕಡೆಯ ಲಕ್ಷಣ.